ಹೊಲಿಗೆ ಬೀಳುವ ಮುಂಚೆ

ನಮ್ಮ ಕಾಲೇಜಿನ ಗ್ರಂಥಾಲಯದ ನಿಯತಕಾಲಿಕಗಳ ವಿಭಾಗಕ್ಕೆ ಜನ ಬೇಕಾದಾಗ ಸಂದರ್ಶನದಲ್ಲಿ ಕೇಳುವುದು ಒಂದೇ ಪ್ರಶ್ನೆ: ಓದುವ ಹುಚ್ಚು ಏನಾದರೂ ಇದೆಯೆ? ನನಗಿಂತ ಮುಂಚೆ ಒಳಗೆ ಹೋದವರೆಲ್ಲ ಎದೆಯುಬ್ಬಿಸಿ ಇದೆ ಎಂದು ಹೇಳಿ ಮನೆಗೆ ಹೋದರು. ನಾನು ಇಲ್ಲ ಎಂದೆ. ಬಸ್ಸಿನ ಬೋರ್ಡು ಬಿಟ್ಟು ಬೇರೇನೂ ಓದುವುದಿಲ್ಲ, ಮದುವೆಯ ಕರೆಯೋಲೆಯಲ್ಲೂ ಊಟದ ಹೊತ್ತನ್ನಷ್ಟೇ ನೋಡುತ್ತೇನೆ ಎಂದೆ. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತೃಪ್ತಿಯಿಂದ ತಲೆಯಾಡಿಸಿದರು. ಅಂದಿನಿಂದ ಈ ಕುಸುಮಾಕ್ಷಿಯೇ ಬಿಡಿ ಸಂಚಿಕೆಗಳ ಕಾವಲುಗಾರ್ತಿ.

ಬಿಡಿ ಸಂಚಿಕೆ ಎಂದರೆ ಮತ್ತೇನಲ್ಲ. ವಿದ್ವಾಂಸರು ಬರೆದ ಲೇಖನಗಳನ್ನು ಹೊತ್ತುಕೊಂಡು ಮೂರು ತಿಂಗಳಿಗೊಮ್ಮೆ ಅಂಚೆಯಲ್ಲಿ ಬರುವ ತೆಳ್ಳನೆಯ ಪುಸ್ತಿಕೆ. ಬಂದದ್ದಕ್ಕೆ ಸೀಲು ಹಾಕಿ ರ‍್ಯಾಕಿನಲ್ಲಿ ಒರಗಿಸಿಡುತ್ತೇವೆ. ವರ್ಷದ ಸಂಚಿಕೆಗಳೆಲ್ಲ ಕೂಡಿದ ಮೇಲೆ ಒಟ್ಟಿಗೆ ಹೊಲಿಸಿ, ರಟ್ಟು ಹಾಕಿಸಿ, ಬೆನ್ನಿಗೆ ಬಂಗಾರದ ಅಕ್ಷರ ಬರೆಸಿದರೆ ಅದು ಸಂಪುಟ. ಹೊಲಿಗೆ ಬಿದ್ದ ಮೇಲೆ ಅದರ ಮಾತು ಶಾಸನ. ಬೀಳುವ ಮುಂಚೆ ಮಾತ್ರ ಅದು ಓದಿದವರ ಮನಸ್ಸಿನ ಕಡೆಗೆ ವಾಲುತ್ತದೆ. ಯಾರು ಹೆಚ್ಚು ಹೊತ್ತು ಓದುತ್ತಾರೋ ಅವರಿಗೆ ಬೇಕಾದದ್ದನ್ನು ಹೇಳತೊಡಗುತ್ತದೆ. ಮನುಷ್ಯರೂ ಹಾಗೆಯೇ ತಾನೆ, ಅದರಲ್ಲೇನು ವಿಶೇಷ ಎಂದು ನಮ್ಮೂರಿನವರು ಇದಕ್ಕೆ ತಲೆ ಕೆಡಿಸಿಕೊಂಡವರಲ್ಲ.

ಕೆಡಿಸಿಕೊಳ್ಳುವ ಬದಲು ಬಳಸಿಕೊಂಡರು. ಬೆಲ್ಲ ತಿಂದರೆ ಹಲ್ಲು ಹಾಳಾಗುತ್ತದೆ ಎಂದು ಆಹಾರ ವಿಜ್ಞಾನದ ಪತ್ರಿಕೆಯೊಂದು ಬರೆದಾಗ ಬೆಲ್ಲದ ಮಂಡಿಯವರೆಲ್ಲ ಅಂಗಡಿ ಮುಚ್ಚಿ ನಮ್ಮ ರೀಡಿಂಗ್ ರೂಮಿಗೆ ಬಂದು ಕೂತರು. ಅಕ್ಷರ ಕೂಡಿಸಿ ಕೂಡಿಸಿ ಓದುವವರೇ ಎಲ್ಲರೂ, ಆದರೆ ಹಟ ಬಿಡಲಿಲ್ಲ. ವಾರ ಕಳೆಯುವಷ್ಟರಲ್ಲಿ ಅದೇ ಲೇಖನ, ಹಲ್ಲು ನೋವಿಗೆ ಬೆಲ್ಲವೇ ಮದ್ದು ಎಂದು ಹೇಳುತ್ತಿತ್ತು. ಇತಿಹಾಸದ ಪತ್ರಿಕೆಯಲ್ಲಿ ನಮ್ಮ ಕೋಟೆಯನ್ನು ಕಟ್ಟಿಸಿದವರು ಯಾರೆಂಬುದು ಆ ದಿನ ಯಾವ ಬೀದಿಯವರು ಬೇಗ ಬಂದು ಸೀಟು ಹಿಡಿದರು ಎನ್ನುವುದರ ಮೇಲೆ ನಿಂತಿರುತ್ತಿತ್ತು. ವೈದ್ಯಕೀಯ ಪತ್ರಿಕೆಗಳನ್ನಿಡುವ ಮೇಜಿನ ಬಳಿ ಮಾತ್ರ ಯಾರೂ ಗಲಾಟೆ ಮಾಡುತ್ತಿರಲಿಲ್ಲ. ಅಲ್ಲಿ ಕೂತು ಓದುವವರನ್ನು ನಾನೂ ಏಳಿಸುತ್ತಿರಲಿಲ್ಲ, ಮುಚ್ಚುವ ಗಂಟೆ ಹೊಡೆದರೂ.

ದಿನವಿಡೀ ಇವುಗಳ ನಡುವೆಯೇ ಇರುವ ಸಿಬ್ಬಂದಿ ಓದತೊಡಗಿದರೆ ಊರಿನ ವಿದ್ಯೆಯೆಲ್ಲ ನಮ್ಮ ಇಷ್ಟದಂತೆ ಆಗಿಬಿಡುತ್ತದಲ್ಲ? ಅದಕ್ಕೇ ನಮಗೆ ಓದು ನಿಷಿದ್ಧ. ಸಂಚಿಕೆ ಬಂದರೆ ಹೊದಿಕೆ ನೋಡಬಹುದು, ಏಕೆಂದರೆ ಸಂಪುಟ ಎಷ್ಟನೆಯದು, ಸಂಚಿಕೆ ಎಷ್ಟನೆಯದು ಎಂದು ತಿಳಿಯಬೇಕು. ಒಳಗೆ ಪುಟ ಕಡಿಮೆ ಬಿದ್ದಿದೆಯೇ ಎಂದು ನೋಡುವಾಗ ಒಂದು ರಟ್ಟಿನ ತುಂಡನ್ನು ಪುಟದ ಮೇಲೆ ಹಿಡಿದು, ಕೆಳಗಿನ ಅಂಕಿಯನ್ನಷ್ಟೇ ನೋಡಿ ಮಗುಚಬೇಕು. ಈ ಕೈಚಳಕದಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಜಗತ್ತಿನ ಜ್ಞಾನವೆಲ್ಲ ನನ್ನ ಹೆಬ್ಬೆರಳ ಕೆಳಗೆ ಹಾದುಹೋಗಿದೆ, ಒಂದಕ್ಷರವೂ ಅಂಟಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಹೆಮ್ಮೆಯಿತ್ತು, ನಮ್ಮ ಅನೇಕ ಪ್ರೊಫೆಸರುಗಳಿಗೂ ಇದೇ ಸಾಧನೆಯಿದ್ದರೂ ಅವರು ಹೇಳಿಕೊಳ್ಳುತ್ತಿರಲಿಲ್ಲ.

ಒಂದು ವರ್ಷ ಅರ್ಥಶಾಸ್ತ್ರದ ತ್ರೈಮಾಸಿಕದ ಎರಡನೆಯ ಸಂಚಿಕೆ ಬಂತು. ಲೇಖನಗಳ ಪಟ್ಟಿ ಹೊದಿಕೆಯ ಮೇಲೆಯೇ ಇರುವ ಪತ್ರಿಕೆ ಅದು. ಸೀಲು ಹಾಕುವಾಗ ಕಣ್ಣಿಗೆ ಬಿತ್ತು: ‘ಸಂತೆಯಲ್ಲಿ ಕೊಸರು’, ಲೇಖಕಿ ದಾಕ್ಷಾಯಿಣಿ. ಒಂದೇ ಹೆಸರು. ಕಟ್ಟು ಬಿಚ್ಚಿ ಇನ್ನೂ ಯಾರೂ ಮುಟ್ಟಿರಲಿಲ್ಲವಾದ್ದರಿಂದ ಅಂದು ನಾನು ಕಂಡದ್ದೇ ನಿಜವಾದ ಅಚ್ಚು.

ದಾಕ್ಷಾಯಿಣಿ ನಮ್ಮ ಕಾಲೇಜಿನ ಅರ್ಥಶಾಸ್ತ್ರ ವಿಭಾಗದ ಅತಿಥಿ ಉಪನ್ಯಾಸಕಿ. ಅತಿಥಿ ಎಂದರೆ ಎಲೆ ಹಾಕಿ ಬಡಿಸುತ್ತಾರೆ ಎಂದುಕೊಳ್ಳಬೇಡಿ. ಪಾಠ ಮಾಡಲು ಕರೆಯುತ್ತಾರೆ, ರಜೆ ಬಂದೊಡನೆ ಬಾಗಿಲು ತೋರಿಸುತ್ತಾರೆ, ಮತ್ತೆ ಕರೆಯಬೇಕೋ ಬೇಡವೋ ಎನ್ನುವುದು ವಿಭಾಗದ ಮುಖ್ಯಸ್ಥರ ಸಹಿಯ ಮೇಲಿದೆ. ಬೆಳಿಗ್ಗೆ ನಮ್ಮಲ್ಲಿ, ಮಧ್ಯಾಹ್ನ ಊರಾಚೆಯ ಇನ್ನೊಂದು ಕಾಲೇಜಿನಲ್ಲಿ ಪಾಠ ಮಾಡಿ, ಉಳಿದ ಹೊತ್ತನ್ನು ಸಂತೆಯಲ್ಲಿ ತರಕಾರಿ ಮಾರುವ ಹೆಂಗಸರ ಪಕ್ಕ ಗೋಣಿತಟ್ಟಿನ ಮೇಲೆ ಕೂತು ಕಳೆದು ಅವಳು ಆ ಲೇಖನ ಬರೆದಿದ್ದಳು. ಆ ವರ್ಷ ವಿಭಾಗದಲ್ಲಿ ಒಂದು ಕಾಯಂ ಹುದ್ದೆ ಖಾಲಿಯಿತ್ತು. ಅವಳ ವಯೋಮಿತಿಗೂ ಅದೇ ಕೊನೆಯ ವರ್ಷ. ಆಯ್ಕೆ ಸಮಿತಿಯವರಿಗೆ ಅಭ್ಯರ್ಥಿಯದೊಂದು ಪ್ರಕಟಿತ ಲೇಖನ ಬೇಕು, ಮತ್ತು ನಮ್ಮೂರಿನ ಸಮಿತಿ ಹೊಲಿದ ಸಂಪುಟವನ್ನಲ್ಲದೆ ಬೇರೆ ಯಾವುದನ್ನೂ ಮೂಸಿಯೂ ನೋಡುವುದಿಲ್ಲ. ಬಿಡಿ ಸಂಚಿಕೆ ತೋರಿಸಿದರೆ, ಇದನ್ನು ನಿಮ್ಮ ಮನೆಯಲ್ಲಿ ಎಷ್ಟು ಜನ ಓದಿದಿರಿ ಎಂದು ಕೇಳುತ್ತಾರೆ.

ಮುಖ್ಯಸ್ಥರು ಪ್ರೊಫೆಸರ್ ವೀರಭದ್ರಪ್ಪನವರು. ಬಿಳಿ ಸಫಾರಿ, ಜೇಬಿನಲ್ಲಿ ಮೂರು ಬಣ್ಣದ ಪೆನ್ನು, ಬರವಣಿಗೆ ಮಾತ್ರ ಯಾವ ಬಣ್ಣದಲ್ಲೂ ಇಲ್ಲ. ಅವರಿಗೆ ಪ್ರಿನ್ಸಿಪಾಲರ ಕುರ್ಚಿಯ ಮೇಲೆ ಕಣ್ಣಿತ್ತು, ಅದಕ್ಕೂ ಒಂದು ಲೇಖನ ಬೇಕಾಗಿತ್ತು. ಗ್ರಂಥಾಲಯ ಸಮಿತಿಯ ಅಧ್ಯಕ್ಷರೂ ಅವರೇ ಆದ್ದರಿಂದ ಸಂಚಿಕೆ ಬಂದ ಮರುದಿನವೇ ರೀಡಿಂಗ್ ರೂಮಿಗೆ ಬಂದು ಫ್ಯಾನಿನ ಕೆಳಗಿನ ಕುರ್ಚಿಯಲ್ಲಿ ಕೂತು ‘ಕೊಸರು’ ಓದತೊಡಗಿದರು. ಓದತೊಡಗಿದರು ಎನ್ನುವುದು ನನ್ನ ಔದಾರ್ಯ. ಲೇಖನದ ಮೊದಲ ಪುಟ ತೆರೆದಿಟ್ಟುಕೊಂಡು, ಹೆಸರಿರುವ ಜಾಗವನ್ನು ಕಾವಿಗೆ ಕೂತ ಕೋಳಿಯಂತೆ ನೋಡುತ್ತಿದ್ದರು.

ಸಂಜೆ ರ‍್ಯಾಕಿಗೆ ಎತ್ತಿಡುವಾಗ ಹೊದಿಕೆಯ ಮೇಲೆ ‘ದಾಕ್ಷಾಯಿಣಿ ಮತ್ತು ವೀರಭದ್ರಪ್ಪ’ ಎಂದಿತ್ತು. ಕೆಲವು ದಿನಗಳಲ್ಲಿ ‘ವೀರಭದ್ರಪ್ಪ ಮತ್ತು ದಾಕ್ಷಾಯಿಣಿ’ ಆಯಿತು. ಆಮೇಲೆ ಸಂಚಿಕೆಯೇ ಕಾಣೆಯಾಯಿತು. ಒಂದು ಸಂಚಿಕೆ ಕಳೆದರೂ ಆ ವರ್ಷದ ಸಂಪುಟ ಹೊಲಿಸುವಂತಿಲ್ಲ, ಹುಡುಕಿಕೊಡಿ ಎಂದು ನಾನು ಎಲ್ಲ ವಿಭಾಗಗಳಿಗೂ ಹೇಳಿ ಕಳಿಸಿದೆ. ಪ್ರೊಫೆಸರರು ನನಗಿಂತ ಹೆಚ್ಚು ಗಾಬರಿಯಿಂದ ಹುಡುಕಿದರು. ಹದಿನೈದು ದಿನದ ಮೇಲೆ ತಮ್ಮ ಮನೆಯ ದಿವಾನ್ ಮಂಚದ ಕೆಳಗೆ ಅದು ತಾನೇ ಬಂದು ಬಿದ್ದಿತ್ತೆಂದು ತಂದುಕೊಟ್ಟರು. ಹೆಂಡತಿ, ಬೀಗರು, ಅಳಿಯ ಎಲ್ಲ ಸರದಿಯ ಮೇಲೆ ಕೂತಿರಬೇಕು. ಹೊದಿಕೆಯ ಮೇಲೆ ಅವರ ಹೆಸರೊಂದೇ ಇತ್ತು, ಪಕ್ಕದಲ್ಲಿ ಅಂಚೆಚೀಟಿಯಷ್ಟು ಅಗಲದ ಭಾವಚಿತ್ರವೂ ಮೂಡಿತ್ತು. ಅದರಲ್ಲಿ ಕೂದಲು ಕಪ್ಪಾಗಿತ್ತು.

ದಾಕ್ಷಾಯಿಣಿ ಓದಲು ಬರಲಿಲ್ಲವೆಂದಲ್ಲ. ಒಂದು ದಿನ ಎರಡು ತರಗತಿಗಳ ನಡುವೆ ಓಡಿಬಂದು ಸಂಚಿಕೆ ತೆಗೆದುಕೊಂಡು ಕೂತಳು. ಪ್ರೊಫೆಸರರು ಎದುರಿನ ಕುರ್ಚಿ ಎಳೆದುಕೊಂಡರು. ಬೈಯಲಿಲ್ಲ, ಅವರು ಬೈಯುವವರೇ ಅಲ್ಲ. ಮಗಳನ್ನು ಮಾತಾಡಿಸುವ ದನಿಯಲ್ಲಿ, “ಏನಮ್ಮ ದಾಕ್ಷಾಯಿಣಿ, ಬರೆದವರೇ ಓದ್ಕೊಂಡು ಕೂತ್ರೆ ಊರು ನಗಲ್ವ? ಮುಂದಿನ ವರ್ಷದ ನಿನ್ನ ಫೈಲು ನನ್ ಟೇಬಲ್ ಮೇಲೇ ಇದೆ, ಸಹಿ ಮಾಡೋಣ ಅಂತಿದ್ದೆ,” ಎಂದರು. ಅವಳು ಸಂಚಿಕೆಯನ್ನು ಮುಚ್ಚಿ ಎರಡೂ ಕೈಯಿಂದ ಅವರಿಗೆ ಕೊಟ್ಟು ಹೋದಳು.

ಕೆಲವು ದಿನಗಳಾದ ಮೇಲೆ ಅವಳು ನನ್ನ ಮೇಜಿನ ಹತ್ತಿರ ಬಂದಳು. ಸಂಕೋಚದಿಂದ ಅತ್ತಿತ್ತ ನೋಡಿ, ನೀವಾದರೂ ಒಂದು ಸಲ ಓದುತ್ತೀರಾ ಮೇಡಂ ಎಂದು ಕೇಳಿದಳು. ನಿಮಗೆ ಯಾರ ಹಂಗೂ ಇಲ್ಲ, ನಿಜ ಏನೆಂದು ಗೊತ್ತಿದೆ, ನೀವು ಓದಿದರೆ ಹೆಸರು ತನ್ನ ಜಾಗಕ್ಕೆ ಬಂದೀತು ಎಂದಳು. ನಾನು ನಿಯಮ ಹೇಳಿದೆ. ನಿಯಮ ಹೇಳುವಾಗ ಬರುವ ಸುಖ ಗೊತ್ತಲ್ಲ, ಎದುರಿಗಿರುವವರ ಕಷ್ಟವೆಲ್ಲ ಅವರದೇ ಆಗಿಬಿಡುತ್ತದೆ. ಅವಳು ಆಯ್ತು ಮೇಡಂ ಎಂದು ಹೊರಟುಹೋದಳು. ಆ ದಿನ ಮನೆಯಲ್ಲಿ ಊಟ ಸೇರಲಿಲ್ಲ. ನಿಯಮಕ್ಕೆ ಹಸಿವಿಲ್ಲದಿರಬಹುದು, ನನಗೆ ಯಾವಾಗಲೂ ಚೆನ್ನಾಗಿ ಹಸಿಯುತ್ತದೆ, ಹಾಗಾಗಿ ಎಲ್ಲೋ ತಪ್ಪಿದೆ ಎಂದು ಗೊತ್ತಾಯಿತು.

ವರ್ಷದ ಕೊನೆಯ ಸಂಚಿಕೆ ಬಂದದ್ದೇ ತಡ, ಪ್ರೊಫೆಸರರು ಹೊಲಿಗೆಯ ದಿನ ಗೊತ್ತು ಮಾಡಿದರು. ಹಾಗೆ ನೋಡಿದರೆ ರಸಾಯನಶಾಸ್ತ್ರದ ಮೂರು ವರ್ಷದ ಸಂಚಿಕೆಗಳು ಹುರಿ ಕಟ್ಟಿಸಿಕೊಂಡು ಮೂಲೆಯಲ್ಲಿ ಧೂಳು ತಿನ್ನುತ್ತಿದ್ದವು, ಅವುಗಳಿಗೆ ಗತಿಯಿರಲಿಲ್ಲ. ಅರ್ಥಶಾಸ್ತ್ರಕ್ಕೆ ಮಾತ್ರ ತುರ್ತು. ಆ ಬೆಳಿಗ್ಗೆ ತಾವೂ ನಿಂತು ನೋಡುವುದಾಗಿ ಹೇಳಿದ್ದರು, ಆದರೆ ಮಂತ್ರಿಯೊಬ್ಬರು ಊರಿಗೆ ಬರುವರೆಂದು ಸುದ್ದಿ ಬಂದು ಹಾರ ಹಿಡಿದು ಅತ್ತ ಓಡಿದರು. ಲೇಖನ ಕೈಯಲ್ಲಿತ್ತು, ಕುರ್ಚಿ ಕೊಡುವವರು ಅತ್ತಲಿದ್ದರು. ಬೈಂಡರ್ ಮಾರುತಪ್ಪ ಹತ್ತು ಗಂಟೆಗೆ ಬರಬೇಕಾದವನು ಸೂಜಿ ತರಲು ಮರೆತು ಮನೆಗೆ ವಾಪಸು ಹೋದ. ಹೊಲಿಗೆಗೆ ಜೋಡಿಸಿಟ್ಟ ನಾಲ್ಕು ಸಂಚಿಕೆಗಳ ಮುಂದೆ ನಾನೊಬ್ಬಳೇ ಉಳಿದೆ.

ಎರಡನೆಯದನ್ನು ತೆಗೆದೆ. ಹೊದಿಕೆಯ ಮೇಲಿನ ಕಪ್ಪು ಕೂದಲಿನ ಪ್ರೊಫೆಸರರು ನನ್ನನ್ನೇ ನೋಡಿ ನಗುತ್ತಿದ್ದರು. ರಟ್ಟಿನ ತುಂಡನ್ನು ಪಕ್ಕಕ್ಕಿಟ್ಟು ಲೇಖನ ತೆರೆದೆ. ಈ ಹುಡುಗಿಯ ಹೆಸರು ಇವಳಿಗೆ ಸಿಗಲಿ ಎಂದು ಮನಸ್ಸಿನಲ್ಲಿ ಗಟ್ಟಿಯಾಗಿ ಹೇಳಿಕೊಂಡು ಮೊದಲ ಸಾಲಿನಿಂದ ಓದಿದೆ. ಬಹಳ ದಿನ ನಡೆಯದವರು ನಡೆದ ಹಾಗೆ ಓದು ಮೊದಮೊದಲು ತಡವರಿಸಿತು. ಮೊದಲ ಪುಟ ಮುಗಿಸಿ ಹೊದಿಕೆ ನೋಡಿದೆ, ಭಾವಚಿತ್ರ ಮಸುಕಾಗಿತ್ತು. ಎರಡನೆಯ ಪುಟ ಮುಗಿಸಿ ಹಿಂದಿರುಗಿ ನೋಡಿದರೆ ಅಲ್ಲಿ ‘ದಾಕ್ಷಾಯಿಣಿ’ ಎಂದಿತ್ತು. ಒಂದೇ ಹೆಸರು, ಅಂದು ಕಟ್ಟು ಬಿಚ್ಚಿದಾಗ ಇದ್ದ ಹಾಗೆಯೇ.

ಅಲ್ಲಿಗೆ ಮುಚ್ಚಿಡಬೇಕಿತ್ತು. ಬುದ್ಧಿಯಿದ್ದವರು ಮುಚ್ಚಿಡುತ್ತಾರೆ. ಆದರೆ ಕೊಸರಿನ ಕಥೆ ಅರ್ಧದಲ್ಲಿ ನಿಂತಿತ್ತು. ಸಂತೆಯಲ್ಲಿ ತೂಗಿ ಕೊಟ್ಟ ಮೇಲೆ ವ್ಯಾಪಾರದವಳು ಇರಲಿ ತಗೋ ಎಂದು ಮೇಲೊಂದು ಹಿಡಿ ಹಾಕುತ್ತಾಳಲ್ಲ, ಆ ಹಿಡಿ ಎಲ್ಲಿಂದ ಬರುತ್ತದೆ ಎಂದು ಅವಳು ಹುಡುಕುತ್ತ ಹೋಗಿದ್ದಳು. ಚೌಕಾಸಿ ಮಾಡಿದವರಿಗೆ ಹೆಚ್ಚೋ, ಸುಮ್ಮನಿದ್ದವರಿಗೆ ಹೆಚ್ಚೋ, ಬೆಳಿಗ್ಗೆ ಹೆಚ್ಚೋ, ಸಂಜೆ ಹೆಚ್ಚೋ ಎಂದು ನೋಡಿ ನೋಡಿ, ಕೊನೆಗೆ ತಕ್ಕಡಿಯವರ ಬಾಯಲ್ಲೇ ಹೇಳಿಸಿದ್ದಳು: ತೂಗುವಾಗಲೇ ಒಂದು ಹಿಡಿ ಕಡಿಮೆ ತೂಗುತ್ತೇವೆ, ಆಮೇಲೆ ಅದನ್ನೇ ಮೇಲೆ ಹಾಕುತ್ತೇವೆ. ಕೊಂಡವಳು ತನ್ನದನ್ನೇ ಪುಕ್ಕಟೆಯಾಗಿ ಪಡೆದು, ಕೊಟ್ಟವಳನ್ನು ಹರಸಿಕೊಂಡು ಮನೆಗೆ ಹೋಗುತ್ತಾಳೆ. ಇಷ್ಟು ವರ್ಷ ಸೆರಗೊಡ್ಡಿ ಕೊಸರು ಹಾಕಿಸಿಕೊಂಡು ಬೀಗಿದವಳು ನಾನು. ಒಬ್ಬಳೇ ಕೂತು ಜೋರಾಗಿ ನಕ್ಕೆ. ಅಡುಗೆಮನೆಯಲ್ಲಿ ನಾನು ನೂರು ಸಲ ಅಂದುಕೊಂಡು ಮಾತಿಗೆ ಸಿಗದೆ ಬಿಟ್ಟಿದ್ದನ್ನು ಇವಳು ಬರೆದಿದ್ದಾಳೆ ಎನಿಸಿತು. ಸಾಲು ಸಾಲಿಗೂ ಹೌದಲ್ಲ, ಹೌದಲ್ಲ ಎನ್ನುತ್ತ ಹೋದೆ. ಇದನ್ನೇ ನಾನೂ ಹೇಳುತ್ತಿದ್ದೆ, ಹೀಗೇ ಹೇಳುತ್ತಿದ್ದೆ ಎಂದುಕೊಂಡೆ. ಇಡೀ ಲೇಖನ ಮುಗಿಸಿ, ಮನಸ್ಸು ತುಂಬದೆ, ಮತ್ತೊಮ್ಮೆ ಓದಿದೆ. ಮಾರುತಪ್ಪ ಸೂಜಿ ಹಿಡಿದು ಬಂದಾಗ ಕಣ್ಣೊರೆಸಿಕೊಂಡು ನಾಲ್ಕನ್ನೂ ಜೋಡಿಸಿ ಕೊಟ್ಟೆ. ಹೊದಿಕೆ ಇನ್ನೊಂದು ಸಲ ನೋಡಬೇಕು ಎನಿಸಲಿಲ್ಲ. ಒಳ್ಳೆಯ ಕೆಲಸ ಮಾಡಿದ ಮೇಲೆ ಯಾರೂ ತಿರುಗಿ ನೋಡುವುದಿಲ್ಲ.

ಸಂಪುಟವನ್ನು ಆಯ್ಕೆ ಸಮಿತಿಯ ಮುಂದೆಯೇ ಮೊದಲು ತೆರೆದರು. ನಾನು ಅದನ್ನು ಹೊತ್ತು ತಂದವಳಾಗಿ ಬಾಗಿಲ ಹತ್ತಿರ ನಿಂತಿದ್ದೆ. ದಾಕ್ಷಾಯಿಣಿ ಹೊಸ ಸೀರೆಯುಟ್ಟು ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಪ್ರೊಫೆಸರ್ ವೀರಭದ್ರಪ್ಪನವರು ಸಮಿತಿಯವರ ಸಾಲಿನಲ್ಲಿ ವಿನಯದಿಂದ ತಲೆ ತಗ್ಗಿಸಿ ಹೊಗಳಿಕೆಗೆ ಸಿದ್ಧರಾಗಿದ್ದರು. ಆಯ್ಕೆ ಸಮಿತಿಯ ಅಧ್ಯಕ್ಷರು ಕನ್ನಡಕ ಏರಿಸಿ ಓದಿದರು: ‘ಸಂತೆಯಲ್ಲಿ ಕೊಸರು’, ಲೇಖಕಿ ಕುಸುಮಾಕ್ಷಿ, ನಿಯತಕಾಲಿಕ ವಿಭಾಗ.

ಅದು ನನ್ನದಲ್ಲ ಎಂದು ನಾನು ಕೂಗಿಯೇ ಹೇಳಿದೆ. ಅಧ್ಯಕ್ಷರು, ಹೊಲಿದದ್ದು ಸುಳ್ಳಾಗುವುದುಂಟೇನಮ್ಮ ಎಂದು ನಕ್ಕರು. ಇಷ್ಟೊಂದು ವಿನಯ ಒಳ್ಳೆಯದಲ್ಲ ಎಂದು ಇನ್ನೊಬ್ಬರು ಬುದ್ಧಿ ಹೇಳಿದರು. ಈ ಲೇಖನ ದಾಕ್ಷಾಯಿಣಿಯದು ಎಂದು ನಾನು ಎಷ್ಟು ಹೇಳಿದೆನೋ ಅಷ್ಟೂ ನನ್ನ ದೊಡ್ಡತನಕ್ಕೆ ಜಮೆಯಾಯಿತು. ಪ್ರೊಫೆಸರರ ಮುಖದಲ್ಲಿ ಒಂದು ಗಳಿಗೆ ರಕ್ತವಿರಲಿಲ್ಲ. ಆದರೆ ಅವರು ಅನುಭವಸ್ಥರು. ಬೇಗ ಸುಧಾರಿಸಿಕೊಂಡು, ಕುಸುಮಾಕ್ಷಿಯವರ ಪ್ರತಿಭೆಯನ್ನು ತಾವು ಎಂದೋ ಗುರುತಿಸಿದ್ದಾಗಿ ಹೇಳಿ, ಮಂತ್ರಿಗೆ ಹೊದಿಸಿ ಉಳಿದಿದ್ದ ಶಾಲನ್ನು ತಂದು ನನಗೆ ಹೊದಿಸಿದರು. ಓದುವುದಿಲ್ಲ ಎಂಬ ಅರ್ಹತೆಯ ಮೇಲೆ ಕೆಲಸಕ್ಕೆ ಸೇರಿದವಳು ಬರೆದಳು ಎಂಬ ಕಾರಣಕ್ಕೆ ಸನ್ಮಾನಗೊಂಡೆ. ಕಾಯಂ ಹುದ್ದೆ ಮಾವಿನ ಹಣ್ಣಿನ ಧಾರಣೆಯ ಮೇಲೆ ಬರೆದ ಒಬ್ಬ ಹುಡುಗನಿಗೆ ಹೋಯಿತು. ದೊಡ್ಡ ಕುಟುಂಬದವನು, ಮನೆಯಲ್ಲಿ ಓದುವವರು ಬಹಳ ಜನ.

ದಾಕ್ಷಾಯಿಣಿ ಒಂದು ವಾರ ಕಾಣಿಸಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಬಂದು ಆ ಸಂಪುಟ ಕೇಳಿದಳು. ನನಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ತಂದು ಕೊಟ್ಟೆ. ನಿಂತಲ್ಲೇ ಮೊದಲಿನಿಂದ ಕೊನೆಯ ತನಕ ಓದಿದಳು, ನಾನು ಎದುರಿಗೆ ನಿಂತೇ ಇದ್ದೆ. ಕೊನೆಯ ಪುಟದಲ್ಲಿ ಕೃತಜ್ಞತೆ ಎಂದು ಅರ್ಧ ಪುಟದಷ್ಟಿತ್ತು. ಈ ಬರಹಕ್ಕಾಗಿ ಬಿಸಿಲಲ್ಲಿ ಕೂತು ದುಡಿದ, ಜಾಣೆಯೂ ಸಜ್ಜನಳೂ ಆದ ಕುಮಾರಿ ದಾಕ್ಷಾಯಿಣಿಗೆ ಲೇಖಕಿ ಎಂದೆಂದಿಗೂ ಋಣಿ ಎಂದು ಬಹಳ ಆರ್ದ್ರವಾಗಿ ಬರೆದಿತ್ತು. ನಾನು ಒಳ್ಳೆಯವಳು ತಾನೆ, ನನ್ನ ಮನಸ್ಸು ಅಷ್ಟನ್ನಾದರೂ ಮಾಡಿತ್ತು.

“ತುಂಬ ಚೆನ್ನಾಗಿ ಹೊಗಳಿದ್ದೀರಿ ಮೇಡಂ,” ಎಂದಳು. “ಸಾರ್ ಆಗಿದ್ರೆ ಇಷ್ಟೂ ಬರೀತಿರ್ಲಿಲ್ಲ.”

ಆಗ ನಾನು ಎಲ್ಲವನ್ನೂ ಹೇಳಿದೆ. ಅವಳಿಗಾಗಿಯೇ ನಿಯಮ ಮುರಿದು ಓದಿದ್ದು, ಎರಡು ಪುಟ ಓದುವಷ್ಟರಲ್ಲಿ ಅವಳ ಹೆಸರು ಬಂದದ್ದು, ಅದನ್ನು ಈ ಕಣ್ಣಿನಿಂದಲೇ ನೋಡಿದ್ದು, ಆಮೇಲೆ ಓದುತ್ತ ಹೋದದ್ದು. ಹೇಳುತ್ತ ಹೇಳುತ್ತ ನನಗೇ ಅಸಹ್ಯವಾಯಿತು. ಅವಳ ವಯಸ್ಸು ಮೀರಿತ್ತು, ಇನ್ನು ಯಾವ ಹುದ್ದೆಗೂ ಅರ್ಜಿ ಹಾಕುವಂತಿರಲಿಲ್ಲ, ಮುಂದಿನ ವರ್ಷದ ಫೈಲಿಗೂ ಸಹಿ ಬಿದ್ದಿರಲಿಲ್ಲ. ಪ್ರೊಫೆಸರರು ಕದಿಯಲು ಹೋಗಿದ್ದರಷ್ಟೇ, ಕದ್ದವಳು ನಾನು.

ಅವಳು ಸಂಪುಟವನ್ನು ಮೇಜಿನ ಮೇಲಿಟ್ಟಳು. “ನನ್ ಹೆಸರು ಬಂದಿದ್ದು ನೋಡಿದ್ರಲ್ಲ ಮೇಡಂ, ಆಗ್ಲೇ ಯಾಕೆ ಮುಚ್ಲಿಲ್ಲ?” ಎಂದು ಕೇಳಿದಳು. ಅವಳ ದನಿ ಅಷ್ಟು ಸಿಟ್ಟಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

“ಚೆನ್ನಾಗಿತ್ತಮ್ಮ,” ಎಂದೆ. “ಬಿಡಕ್ಕಾಗ್ಲಿಲ್ಲ.”

ಇನ್ನೇನು ಬೈಯುತ್ತಾಳೆ, ಬೈದರೆ ಹಗುರಾಗುತ್ತದೆ ಎಂದು ಕಾದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು, ಕಿಟಕಿಯ ಕಡೆ ತಿರುಗಿದಳು, ಸೆರಗಿನ ತುದಿಯಿಂದ ಮೂಗೊರೆಸಿಕೊಂಡಳು. ಆಮೇಲೆ ಬಹಳ ಮೆಲ್ಲಗೆ, ಕೇಳಬಾರದ್ದನ್ನು ಕೇಳುವವಳಂತೆ, “ಯಾವ ಭಾಗ?” ಎಂದಳು.

ನಾದಿನಿ ಬಂದಾಗ ಮಾತ್ರ ಸರಿಯಾಗಿ ತೂಗಿ, ಕೊಸರು ಕೊಡದೆ ಕಳಿಸುವ ಮೆಣಸಿನಕಾಯಿ ಹೆಂಗಸಿನ ಭಾಗವನ್ನು ಹೇಳಿದೆ. ಆ ನಾದಿನಿ ಊರೆಲ್ಲ ಅವಳನ್ನು ಜಿಪುಣಿ ಎಂದು ಸಾರಿಕೊಂಡು ತಿರುಗುವುದನ್ನು ಹೇಳಿದೆ, ಅಲ್ಲಿ ನಾನು ನಕ್ಕದ್ದನ್ನೂ ಹೇಳಿದೆ. ದಾಕ್ಷಾಯಿಣಿ ಕುರ್ಚಿ ಎಳೆದುಕೊಂಡು ಕೂತಳು.

“ಆಮೇಲೆ?” ಎಂದಳು.